ಸಂಜೆ ಹೊತ್ತು ಜೋರಾಗಿ ಓಡುವ ಗೋಲಿ

ನನ್ನ ಷಡ್ಡಕರಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ತಲೆಯಲ್ಲಿ ಒಂದು ನಟ್ಟು ಸಡಿಲ ಎಂದು ಮದುವೆಯಾದಂದಿನಿಂದ ಹೇಳುತ್ತಲೇ ಇದ್ದೇನೆ. ಒಬ್ಬರಾದರೂ ನಂಬಬೇಕಲ್ಲ! ನಾನು ಮದ್ದೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವನು. ಅವರು ಮಳವಳ್ಳಿ ಹತ್ತಿರ ಕಬ್ಬು, ಹಿಪ್ಪುನೇರಳೆ ಬೆಳೆಯುವವರು. ಇಳಿಜಾರಿನಲ್ಲಿ ಉರುಳುವ ಗೋಲಿಯ ವೇಗ ಹೇಗೆ ಏರುತ್ತಾ ಹೋಗುತ್ತದೆ ಎಂಬ ಸೂತ್ರವನ್ನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವವನು ನಾನು. ಗೋಲಿ ಉರುಳಿಸಿ ನೋಡಿದವರು ಮಾತ್ರ ಅವರು.

ಮಂಡ್ಯದಲ್ಲಿ ನಂಟರ ಮದುವೆ. ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಇವರು ಛತ್ರದ ಬಾಗಿಲಲ್ಲಿ, ಗಾಲಿಕುರ್ಚಿಗೆಂದು ಕಟ್ಟಿದ ಇಳಿಜಾರಿನ ಮೇಲೆ ನಿಂಬೆಹಣ್ಣು ಉರುಳಿಸುತ್ತಾ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಯಾರೋ ಮಾಟ ಮಾಡಿಸಿದ್ದಾರೆಂದು ಗಂಡಿನ ಕಡೆಯವರು ಊಟಕ್ಕೇ ಕೂರಲಿಲ್ಲ. ಇದು ವಿಜ್ಞಾನ ಎಂದು ಬಿಡಿಸಿ ಹೇಳಲು ಹೋದ ನನ್ನನ್ನೂ ಮಾಟಗಾರರ ಪಟ್ಟಿಗೆ ಸೇರಿಸಿದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನಾನು ಪುಸ್ತಕ ತೆರೆದರೆ ಆಕಳಿಸುವ ನನ್ನ ಮಗಳು ರಜೆ ಬಂದರೆ ದೊಡ್ಡಪ್ಪನ ತೋಟಕ್ಕೆ ಓಡತೊಡಗಿದಳು. ವಾಪಸು ಬಂದ ಮೇಲೂ ಬಾಯಿ ತುಂಬ ದೊಡ್ಡಪ್ಪನದೇ ಮಾತು. ನನಗೆ ಹೊಟ್ಟೆ ಉರಿಯಿತು. ಮುಚ್ಚಿಡುವುದೇನು, ಚೆನ್ನಾಗಿಯೇ ಉರಿಯಿತು.

ಒಂದು ಭಾನುವಾರ ಮಗಳ ಜೊತೆ ನಾನೂ ಹೋದೆ, ತಪ್ಪು ಹುಡುಕಲೆಂದೇ. ಉದ್ದಕ್ಕೆ ಸೀಳಿದ ಪೈಪಿನ ಒಂದು ತುದಿಯನ್ನು ದನದ ಬಾನಿಯ ಮೇಲೆ ಇಟ್ಟಿದ್ದರು. ಅದರಲ್ಲಿ ಉರುಳಲು ಟ್ರ್ಯಾಕ್ಟರ್ ಬೇರಿಂಗಿನ ಗೋಲಿ. ಗಡಿಯಾರ? ಪಂಪಿನಿಂದ ನೇರವಾಗಿ ಬರುವ ಡ್ರಿಪ್ ಪೈಪಿನ ನೀರು! ಗೋಲಿ ಬಿಟ್ಟ ಕ್ಷಣ ಕೆಮ್ಮಿನ ಔಷಧಿಯ ಮುಚ್ಚಳ ಹಿಡಿಯುವುದು, ಗೋಲಿ ಕೆಳಗೆ ಬಡಿದೊಡನೆ ತೆಗೆಯುವುದು. ಮುಚ್ಚಳದ ಗೆರೆಯಲ್ಲಿ ಎಷ್ಟು ನೀರೋ ಅಷ್ಟು ಕಾಲ.

"ಬೆಳಿಗ್ಗೆಗಿಂತ ಸಂಜೆ ಹೊತ್ತು ಗೋಲಿ ಜೋರಾಗ್ ಓಡ್ತದೆ ಮೇಷ್ಟ್ರೇ. ಯಾಕೋ ಗೊತ್ತಾಯ್ತಾ ಇಲ್ಲ" ಎಂದರು.

ಸಿಕ್ಕಿಬಿದ್ದರು! "ಗೋಲಿ ಅಲ್ಲ ಅಣ್ಣ, ನಿಮ್ಮ ನೀರೇ ನಿಧಾನ. ಸಂಜೆ ಎಲ್ಲಾರೂ ಮೋಟ್ರು ಹಾಕ್ತಾರೆ, ವೋಲ್ಟೇಜು ಬೀಳ್ತದೆ, ಮುಚ್ಚಳಕ್ಕೆ ನೀರು ಕಮ್ಮಿ ಬರ್ತದೆ, ಹೊತ್ತೂ ಕಮ್ಮಿ ಅಂತ ಕಾಣ್ತದೆ" ಎಂದು ಮಗಳಿಗೂ ಕೇಳುವಂತೆ ಹೇಳಿದೆ.

ಅವರ ಮುಖ ಪೆಚ್ಚಾಗಬೇಕಿತ್ತು. ಆಗಲಿಲ್ಲ.

"ನೋಡ್ದೇನವ್ವ, ನಿಮ್ಮಪ್ಪ ಒಂದೇ ಏಟ್ಗೆ ಹಿಡುದ್ಬುಟ್ರು ಕಣವ್ವ" ಎನ್ನುತ್ತಾ ಎಳನೀರು ಕೆಡವಲು ಹೋದರು.

ಮಗಳು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. "ಅಪ್ಪ, ಹಂಗಾರೆ ಬೇರೆ ತರ ಅಳೆಯೋಣ್ವಾ, ನಾನೂ ನೀನೂ?" ಎಂದು ಪಕ್ಕದಲ್ಲೇ ಬಂದು ಕೂತಳು.

ಅಳತೆ ಬರೆದುಕೊಳ್ಳಲೆಂದು ಬಾನಿಯ ಪಕ್ಕದಲ್ಲಿದ್ದ ಷಡ್ಡಕರ ನೋಟ್‌ಬುಕ್ ತಿರುವಿದೆ. ಹಿಂದಿನ ವಾರದ ಹಾಳೆಯಲ್ಲಿ, ಸೊಟ್ಟ ಅಕ್ಷರದಲ್ಲಿ ಹೀಗಿತ್ತು: "ಸಂಜೆ ವೋಲ್ಟೇಜು ಕಮ್ಮಿ, ಅದಕ್ಕೇ ನೀರು ನಿದಾನ. ಮೇಷ್ಟ್ರು ಬಂದಾಗ ಗೊತ್ತಿಲ್ಲ ಅಂತ ಕೇಳಬೇಕು. ಮಗು ಎದುರಿಗೆ."

ಮಗಳಿಗೆ ಕಾಣದಂತೆ ಮುಚ್ಚಿಟ್ಟೆ. ಅವರು ಎರಡು ಕೈಯಲ್ಲೂ ಎಳನೀರು ಹಿಡಿದು ನಗುತ್ತಾ ಬರುತ್ತಿದ್ದರು. ಅವರ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆಂದೂ ಆಗಿರಲಿಲ್ಲ. ಕೆತ್ತಿದ ಮೊದಲನೆಯದನ್ನು ನನ್ನ ಕೈಗೇ ಕೊಟ್ಟರು.