ಗೋಡೆಗೊಂದು ಪರದೆ

ಹಡಗಿನ ಬಾಲ್ಕನಿ ಮುರಿದು ಕೈಗೆ ಬಂದಾಗ ಪರದೆಯಪ್ಪ ಮೊದಲು ಮಾಡಿದ ಕೆಲಸ ಕೆಮ್ಮಿದ್ದು. (ಮರ್ಯಾದಸ್ಥರು ಏನನ್ನೇ ಮುರಿದರೂ ಮೊದಲು ಕೆಮ್ಮುತ್ತಾರೆ.) ಹಡಗೆಂದರೆ ನೀರಿನ ಮೇಲಿನ ಹಡಗಲ್ಲ, ಪ್ರವಾಸದ ಏಜೆಂಟರ ಮೇಜಿನ ಮೇಲೆ ಅಲಂಕಾರಕ್ಕೆ ಇಟ್ಟಿದ್ದ ಮೊಳದುದ್ದದ ಮಾದರಿ. "ಪ್ರೀಮಿಯಂ ಪ್ರೀಮಿಯಂ ಅಂತೀರಲ್ಲ, ಅಂಥದ್ದೇನಿದೆ ಸ್ವಾಮಿ ಇದರಲ್ಲಿ?" ಎನ್ನುತ್ತ ಅವನು ಮೇಲಂತಸ್ತಿನ ಬಾಲ್ಕನಿಯೊಂದನ್ನು ಬೆರಳಿನಿಂದ ಒತ್ತಿ ನೋಡಿದ್ದ. ಇಪ್ಪತ್ತು ವರ್ಷ ಬಟ್ಟೆಯ ಗಟ್ಟಿತನ ನೋಡಿದ ಬೆರಳು ಅದು. ಸುಮ್ಮನೆ ಮುಟ್ಟಿ ಅದಕ್ಕೆ ಗೊತ್ತಿಲ್ಲ. ಟಿಕ್ ಎಂದಿತು. ಪುಟ್ಟ ಕಂಬಿಗಳ ಸಮೇತ, ಎರಡು ಸಾಸಿವೆ ಗಾತ್ರದ ಕುರ್ಚಿಗಳ ಸಮೇತ, ಬಾಲ್ಕನಿ ಬಂದು ಅಂಗೈಯಲ್ಲಿ ಕೂತಿತು.

ಏಜೆಂಟರು ಆಗ ಪ್ರಿಂಟರಿಗೆ ಕಾಗದ ತುಂಬಲು ಬೆನ್ನು ತಿರುಗಿಸಿದ್ದರು. ಆದರೆ ಹಿಂದಿನ ಬೆಂಚಿನಲ್ಲಿ ಸರದಿಗೆ ಕಾದಿದ್ದ ಗಂಡ ಹೆಂಡತಿ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಪರದೆಯಪ್ಪ ಇನ್ನೊಮ್ಮೆ ಕೆಮ್ಮಿದ. ಕರವಸ್ತ್ರ ತೆಗೆಯುವವನ ಹಾಗೆ ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಕೈ ಖಾಲಿಯಾಗಿ ಹೊರಗೆ ಬಂತು.

ಅವನು ಅಲ್ಲಿಗೆ ಹೋದದ್ದು ಬಾಲ್ಕನಿ ಕೊಳ್ಳುವುದಕ್ಕೇ, ಮುರಿಯುವುದಕ್ಕಲ್ಲ. ಹಿಂದಿನ ದಿನ ಊಟದ ಮೇಜಿನ ಸುತ್ತ ಮಹಾಸಭೆ ನಡೆದು ಸರ್ವಾನುಮತದ ತೀರ್ಮಾನವಾಗಿತ್ತು. (ಸರ್ವಾನುಮತ ಎಂದರೆ ಹೆಂಡತಿಯ ಮತ, ಉಳಿದವರು ಗೋಣು ಹಾಕುತ್ತಾರೆ.) ಅವನದು ಪರದೆ ಅಂಗಡಿ. ಅದರಿಂದಲೇ ಆ ಅಡ್ಡಹೆಸರು. ಹೆಂಡತಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಮುಚ್ಚಿದ ಬಾಯಿ ತೆರೆಸುವುದೂ ಗೊತ್ತು, ತೆರೆದ ಬಾಯಿ ಮುಚ್ಚಿಸುವುದೂ ಗೊತ್ತು. ಮಗಳಿಗೆ ಹನ್ನೆರಡು ವರ್ಷ, ನಾಲಿಗೆಗೆ ಮಾತ್ರ ಮೂವತ್ತು. ಇನ್ನು ಅತ್ತೆ, ಅಂದರೆ ಹೆಂಡತಿಯ ತಾಯಿ. ಹದಿನಾರು ವರ್ಷದಿಂದ ಅಂಗಡಿಯ ಪರದೆಗಳಿಗೆಲ್ಲ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅಂಚು ಹೊಲಿದುಕೊಡುವವರು ಅವರೇ. ಆ ಕೋಣೆಗೂ ಒಂದು ಕಿಟಕಿ ಇದೆ. ತೆರೆದರೆ ಕೈಗೆಟುಕುವಷ್ಟು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಮೆಷಿನ್ ತುಳಿದೂ ತುಳಿದೂ ಅತ್ತೆಯ ಮಂಡಿಗಳು ಸೋತಿದ್ದವು. ನಾಲ್ಕು ಹೆಜ್ಜೆ ಇಟ್ಟರೆ ಐದನೆಯದಕ್ಕೆ ಗೋಡೆ ಹಿಡಿಯಬೇಕು.

ರಜೆಗೆ ನಾಲ್ಕು ದಿನ ಹಡಗಿನಲ್ಲಿ ಹೋಗುವುದು ಎಂದಾದ ಮೇಲೆ ಸಾಧಾರಣ ಕೋಣೆಯೋ ಪ್ರೀಮಿಯಂ ಕೋಣೆಯೋ ಎಂಬ ಪ್ರಶ್ನೆ ಹುಟ್ಟಿತು. ಪರದೆಯಪ್ಪ ಸಾಧಾರಣದ ಪರ ಅಮೋಘವಾಗಿ ವಾದಿಸಿದ. ಹಡಗು ಒಂದೇ, ಸಮುದ್ರ ಒಂದೇ, ಊಟದ ಮನೆ ಒಂದೇ. ಪ್ರೀಮಿಯಂನವರ ಹಡಗೇನು ಮೊದಲೇ ದಡ ಸೇರುತ್ತದೆಯೇ ಎಂದು ಕೇಳಿದ. ಕೋಣೆ ಇರುವುದು ಮಲಗುವುದಕ್ಕೆ, ಮಲಗಿದವನಿಗೆ ಕಣ್ಣು ಮುಚ್ಚಿರುತ್ತದೆ, ಮುಚ್ಚಿದ ಕಣ್ಣಿಗೆ ಕಿಟಕಿ ಯಾಕೆ ಎಂದೂ ಕೇಳಿದ. ಮಗಳು ಚಪ್ಪಾಳೆ ತಟ್ಟಿದಳು. ಅದು ಮೆಚ್ಚುಗೆಯಲ್ಲ ಎಂದು ಅವನಿಗೆ ತಡವಾಗಿ ಹೊಳೆಯಿತು.

ಅತ್ತೆಯನ್ನು ಕೇಳಿದಾಗ ಅವರು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದ್ದು ಇಷ್ಟು: "ಊರಿನ ಕಿಟಕಿಗೆಲ್ಲ ಪರದೆ ಹೊಲಿದೆ. ಪರದೆ ಇಲ್ಲದ ಒಂದು ಕಿಟಕಿ ಮುಂದೆ ನಾಲ್ಕು ದಿನ ಕೂತರೆ ಸಾಕು. ಜಾಸ್ತಿ ಆಯ್ತು ಅನ್ನಿಸಿದರೆ ಅದೂ ಬೇಡ."

ಹೆಂಡತಿ ತಟ್ಟೆ ಎತ್ತುತ್ತ ತೀರ್ಪು ಕೊಟ್ಟಳು. "ತಿರುಗೋರಿಗೆ ಕೋಣೆ ಹೇಗಿದ್ರೇನು ರೀ. ಕೋಣೆಯಲ್ಲೇ ಕೂರೋರಿಗೆ ಕೋಣೆಯೇ ಹಡಗು. ಅಮ್ಮ ಬರೋದಾದ್ರೆ ಬಾಲ್ಕನಿ ಇರೋದು, ಇಲ್ಲ ಅಂದ್ರೆ ಹಡಗೂ ಬೇಡ, ಸಮುದ್ರವೂ ಬೇಡ."

ಹೆಚ್ಚಿನ ಬೆಲೆ ಯಾವಾಗ ಸಾರ್ಥಕ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ಏಜೆಂಟರ ಬಣ್ಣದ ಪುಸ್ತಕವೂ ಕೊಟ್ಟಿರಲಿಲ್ಲ. ಪರದೆಯಪ್ಪ ಒಪ್ಪಿ ಬಂದಿದ್ದ.

ಈಗ ಏಜೆಂಟರು ಕಾಗದ ತುಂಬಿ ತಿರುಗಿ ಕೂತರು. ಹಾಗಾದರೆ ಪ್ರೀಮಿಯಂ ಬರೆಯಲೇ ಎಂದರು. "ನಿಮ್ಮ ಬಾಲ್ಕನಿ ಯಾವುದು ಅಂತ ಇದರಲ್ಲೇ ತೋರಿಸಿಬಿಡ್ತೀನಿ ಇರಿ," ಎಂದು ಮಾದರಿಯ ಕಡೆ ಕೈ ಚಾಚಿದರು.

"ಬೇಡ," ಎಂದ ಪರದೆಯಪ್ಪ. "ಸಾಧಾರಣದ್ದೇ ಬರೀರಿ."

ಒಳಗಿನ ಕೋಣೆ, ಕಿಟಕಿ ಇರುವುದಿಲ್ಲ ಎಂದು ಏಜೆಂಟರು ಎಚ್ಚರಿಸಿದರು. ಕಿಟಕಿಯ ವಿಷಯ ತನಗೆ ಬಿಡಿ ಎಂದು ಇವನು ರಸೀದಿ ಕಿತ್ತುಕೊಂಡು ಹೊರಬಿದ್ದ. ಮರ್ಯಾದೆ ಉಳಿಸಿಕೊಳ್ಳಲು ಹೀಗೆ ಮಾಡಬೇಕಾಯಿತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ, ಮನೆಯಿಂದ ಹೊರಡುವಾಗಲೇ ಅವನ ಅರ್ಧ ಮನಸ್ಸು ಸಾಧಾರಣ ಕೋಣೆಯಲ್ಲಿ ಕಾಲು ಚಾಚಿ ಮಲಗಿತ್ತು. ಮುರಿದ ಬಾಲ್ಕನಿ ಉಳಿದರ್ಧಕ್ಕೆ ಚಾಪೆ ಹಾಸಿತು, ಅಷ್ಟೆ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೇಳಿದಳು. ಬಾಲ್ಕನಿ ಕೈಗೆ ಬಂದಿತ್ತು, ಸ್ವಲ್ಪದರಲ್ಲಿ ತಪ್ಪಿತು, ಅದರ ಬದಲು ದೊಡ್ಡ ಕಿಟಕಿಯ ಕೋಣೆ ಕೊಟ್ಟಿದ್ದಾರೆ ಎಂದ. ಹೆಂಡತಿ ಅವನ ಮುಖವನ್ನು, ಹುಳುಕು ಎಲ್ಲಿದೆ ಎಂದು ಹುಡುಕುವ ಹಾಗೆ, ಎರಡು ನಿಮಿಷ ನೋಡಿದಳು. "ಕಿಟಕಿಯಾದ್ರೂ ಇದೆಯಲ್ಲ," ಎಂದು ಒಳಗೆ ಹೋದಳು.

ಇನ್ನು ಕಿಟಕಿ ಎಲ್ಲಿಂದ ತರುವುದು? ಆದರೆ ಪರದೆ ಮಾರುವವರಿಗೆ ಒಂದು ವೃತ್ತಿರಹಸ್ಯ ಗೊತ್ತಿರುತ್ತದೆ: ಜನ ಕಿಟಕಿ ನೋಡುವುದಿಲ್ಲ, ಪರದೆ ನೋಡುತ್ತಾರೆ. ಅವನ ಅಂಗಡಿಯಲ್ಲೇ ಬರೀ ಗೋಡೆಗಳ ಮೇಲೆ ಆರು ಪರದೆಗಳು ತೂಗುತ್ತವೆ. ಬಂದ ಗಿರಾಕಿಗಳಲ್ಲಿ ಮೂವರಿಗೊಬ್ಬರು "ಆ ಕಡೆ ರಸ್ತೇನಾ?" ಎಂದು ಕೇಳದೆ ಹೋಗುವುದಿಲ್ಲ. ಗೋಡೆಗೆ ಪರದೆ ಹಾಕಿದರೆ ಅದು ಕಿಟಕಿಯಾಗುತ್ತದೆ, ತೆರೆಯದಿದ್ದರೆ ಆಯಿತು. ಪ್ರಯಾಣದ ಹಿಂದಿನ ದಿನ ಅಂಗಡಿಯಿಂದ ಒಂದು ನೀಲಿ ಪರದೆಯನ್ನೂ, ಮೊಳೆ ಹೊಡೆಯದೆ ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲಿಸುವ ಸ್ಪ್ರಿಂಗ್ ಕಂಬಿಯನ್ನೂ ತಂದು ಸೂಟ್‌ಕೇಸಿನ ತಳಕ್ಕೆ ಸೇರಿಸಿದ.

ಅದೇ ಸಂಜೆ ಒಂದು ಗಂಡಾಂತರ ಕೂದಲೆಳೆಯಲ್ಲಿ ತಪ್ಪಿತು. ಬಾಲ್ಕನಿಯ ಕಂಬಿ ಚುಚ್ಚಿ ಪ್ಯಾಂಟಿನ ಜೇಬು ತೂತಾಗಿತ್ತು. ಅವನು ಸ್ನಾನಕ್ಕೆ ಹೋಗಿ ಬರುವುದರೊಳಗೆ ಅತ್ತೆ ಆ ಜೇಬು ಹೊಲಿದು, ಪ್ಯಾಂಟನ್ನು ಮಡಿಸಿ ಮಂಚದ ಮೇಲಿಟ್ಟಿದ್ದರು. ಓಡಿಹೋಗಿ ಜೇಬಿಗೆ ಕೈ ಹಾಕಿದ. ಬಾಲ್ಕನಿ ಇದ್ದಲ್ಲೇ ಇತ್ತು. ಅತ್ತೆಯ ಮುಖವೂ ಇದ್ದ ಹಾಗೆಯೇ ಇತ್ತು. ಸದ್ಯ, ನೋಡಿಲ್ಲ ಎಂದು ಉಸಿರು ಬಿಟ್ಟ.

ಹಡಗು ಹತ್ತಿದ ಮೇಲೆ ಉಳಿದವರನ್ನು ಸಾಲಿನಲ್ಲಿ ನಿಲ್ಲಿಸಿ, ಕೋಣೆ ನೋಡಿ ಬರುತ್ತೇನೆಂದು ಪರದೆಯಪ್ಪ ಮುಂದೆ ಓಡಿದ. ಅವರ ಕೋಣೆ ಲಿಫ್ಟಿನಿಂದ ಅತಿ ದೂರದ ಮೂಲೆಯಲ್ಲಿ, ಉದ್ದನೆಯ ಓಣಿಯ ಕೊನೆಗಿತ್ತು. ಒಳಗೆ ನಾಲ್ಕು ಹಾಸಿಗೆ, ಒಂದು ಕುರ್ಚಿ, ನಾಲ್ಕೂ ಕಡೆ ಗೋಡೆ. ಬೀರುವಿಗೂ ಗೋಡೆಗೂ ನಡುವೆ ಕಂಬಿ ಒತ್ತಿ, ಪರದೆ ಇಳಿಬಿಟ್ಟು, ಮಡಿಕೆಗಳನ್ನು ಬೆರಳಲ್ಲಿ ತಿದ್ದಿ ಹಿಂದೆ ಸರಿದು ನೋಡಿದ. ಕಲೆ ಎಂದರೆ ಕಲೆ. ಒಂದು ಕ್ಷಣ ಅವನಿಗೇ ಅಲೆ ಕೇಳಿಸಿತು.

ಮನೆಯವರು ಬರುವ ಹೊತ್ತಿಗೆ ಅವನ ಬಾಯಲ್ಲಿ ವಿವರಣೆ ಸಿದ್ಧವಾಗಿತ್ತು. ಗಾಜಿಗೆ ಹೊರಗಿನಿಂದ ಬಣ್ಣ ಬಳಿದಿದ್ದಾರಂತೆ, ಒಣಗುವವರೆಗೆ ಪರದೆ ಸರಿಸಬಾರದಂತೆ, ಹಡಗಿನವರ ಕಟ್ಟಪ್ಪಣೆ. ಗಾಜಿಗೆ ಯಾಕಪ್ಪ ಬಣ್ಣ ಎನ್ನಲು ಮಗಳು ಬಾಯಿ ತೆರೆದಳು, ಹೆಂಡತಿ ಒಮ್ಮೆ ನೋಡಿದಳು, ಬಾಯಿ ಮುಚ್ಚಿತು. ಅತ್ತೆ ಗೋಡೆ ಹಿಡಿದು ನಿಧಾನವಾಗಿ ಬಂದು, ಪರದೆಯ ಕೆಳಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. "ಹ್ಞೂಂ," ಎಂದರು. ಕುರ್ಚಿಯನ್ನು ಅದರ ಮುಂದೆ ಎಳೆಸಿಕೊಂಡು ಕೂತರು.

ಪರದೆಯಪ್ಪ ಅದನ್ನು ಗೆಲುವು ಎಂದುಕೊಂಡ. ಆ ಗೆಲುವು ಮಾರನೆಯ ಮಧ್ಯಾಹ್ನದ ಊಟ ದಾಟಲಿಲ್ಲ. ಕೋಣೆಗೇ ತರಿಸಿಕೊಂಡ ಊಟದ ನಡುವೆ ಅತ್ತೆ ತಮ್ಮಷ್ಟಕ್ಕೆ ಎಂಬಂತೆ, ಇವತ್ತು ಸಮುದ್ರ ಶಾಂತವಾಗಿದೆ ಎಂದರು. ಅವನ ಗಂಟಲಿನ ತುತ್ತು ಅಲ್ಲೇ ಲಂಗರು ಹಾಕಿತು. ಸಂಜೆ ಹೊತ್ತಿಗೆ ಬಣ್ಣ ತಿರುಗಿತು ಎಂದರು. ಮಾರನೆ ಬೆಳಿಗ್ಗೆ ದೂರದಲ್ಲಿ ಒಂದು ದೋಣಿ ಹೋಯಿತು ಎಂದರು. ಪಾಪ, ಕಣ್ಣು ಮಂಜಾಗಿದೆಯೋ ಏನೋ, ನೀಲಿ ಬಟ್ಟೆಯನ್ನೇ ನೀರು ಎಂದುಕೊಂಡಿದ್ದಾರೆ ಎಂದು ಅವನ ಕರುಳು ಚುರುಕ್ಕೆಂದಿತು. ಮೋಸ ಹೋಗದವರಿಗೆ ಮೋಸ ಮಾಡಿದರೆ ಜಗಳವಾದರೂ ಸಿಗುತ್ತದೆ. ಸಂತೋಷವಾಗಿ ಮೋಸ ಹೋದವರ ಎದುರು ಮುಖ ಎಲ್ಲಿಡುವುದು? ಅವನು ಮೇಲಿನ ಡೆಕ್ಕಿಗೆ ಹೋಗುವುದನ್ನೇ ಬಿಟ್ಟ. ನಿಜವಾದ ಸಮುದ್ರ ಕಂಡರೆ ಸಾಲ ಕೊಟ್ಟವನನ್ನು ಕಂಡಂತಾಗುತ್ತಿತ್ತು.

ಮೂರನೆಯ ದಿನ ಎದುರು ಕೋಣೆಯ ನಿವೃತ್ತ ಹೆಡ್‌ಮಿಸ್ ಮಾತಾಡಿಸಲು ಬಂದರು. ಪರದೆ ಕಂಡರು. ಹುಬ್ಬು ಮೇಲೇರಿತು. ಚಹಾದ ಲೋಟ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಅರ್ಧ ಗಂಟೆಯಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬರು ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದರು. ಅವರ ಹಿಂದೆ ಹೆಡ್‌ಮಿಸ್, ಹೆಡ್‌ಮಿಸ್ಸಿನ ಗಂಡ, ಹಾಸಿಗೆ ಬದಲಿಸುವ ಹೆಂಗಸು, ಮತ್ತು ಇಂಥ ಸಂದರ್ಭಗಳಲ್ಲಿ ಎಲ್ಲಿಂದಲೋ ಉದ್ಭವಿಸುವ ಐದಾರು ಜನ. ದೂರು ಸ್ಪಷ್ಟವಾಗಿತ್ತು: ಒಂದೇ ಸಾಲು, ಒಂದೇ ಬೆಲೆ, ಇವರಿಗೆ ಮಾತ್ರ ಕಿಟಕಿ ಹೇಗೆ?

"ನಕ್ಷೆ ಪ್ರಕಾರ ಈ ಸಾಲಿಗೆ ಕಿಟಕಿ ಇಲ್ಲ," ಎಂದರು ಅಧಿಕಾರಿ. "ನಕ್ಷೆಯಲ್ಲಿ ಇಲ್ಲದ ಕಡೆ ಕಿಟಕಿ ಇದ್ದರೆ, ನಮ್ಮ ಲೆಕ್ಕದಲ್ಲಿ ಅದು ತೂತು. ಹಡಗಿಗೆ ತೂತಾದರೆ ನಾವು ನೋಡಲೇಬೇಕು."

ಬಣ್ಣ ಒಣಗಿಲ್ಲ ಎಂದು ಪರದೆಯಪ್ಪ ತೊದಲಿದ. ಅಷ್ಟರಲ್ಲಿ ಅಧಿಕಾರಿ ಪರದೆ ಸರಿಸಿಯಾಗಿತ್ತು. ಹಿಂದೆ ಗೋಡೆ. ಗೋಡೆಯ ಮೇಲೆ ಹಡಗು ಮುಳುಗಿದರೆ ಜೀವರಕ್ಷಕ ಅಂಗಿ ಹೇಗೆ ತೊಡಬೇಕು ಎಂಬ ಚಿತ್ರ. ಪರದೆಯಪ್ಪ ಆ ಚಿತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದ. ಅವನು ಮುಳುಗುತ್ತಿದ್ದ ರೀತಿಗೆ ಅದರಲ್ಲಿ ಉಪಾಯವಿರಲಿಲ್ಲ.

ಈ ಪರದೆ ಯಾರದು ಎಂದು ಅಧಿಕಾರಿ ಕೇಳಿದರು.

"ನಂದು," ಎಂದರು ಅತ್ತೆ. "ನಾನೇ ಹೊಲಿದಿದ್ದು. ಮನೇಲೂ ನನ್ನ ಮುಂದೆ ಗೋಡೆ. ಇಲ್ಲೂ ಗೋಡೆ ನೋಡೋಕೆ ಬೇಜಾರಾಗಿ ಅಳಿಯಂದಿರ ಹತ್ತಿರ ಹೇಳಿ ಹಾಕಿಸಿಕೊಂಡೆ. ತಪ್ಪಾಗಿದ್ರೆ ತೆಗೀತೀವಿ."

ಅವರು ಅಂಚು ಎತ್ತಿ ತೋರಿಸಿದರು. ಮೂಲೆಯಲ್ಲಿ ಬಟ್ಟೆ ಬಿಚ್ಚದ ಹಾಗೆ ಹಾಕಿದ ಮೂರೆಳೆಯ ಅಡ್ಡ ಹೊಲಿಗೆ. ಹದಿನಾರು ವರ್ಷ ಇದೇ ಮೂಲೆಯನ್ನು ಗಿರಾಕಿಗಳಿಗೆ ತೋರಿಸಿ, ಇಂಥ ಹೊಲಿಗೆ ಊರಲ್ಲೇ ಇಲ್ಲ ಎಂದು ಮಾರಿದವನು ಪರದೆಯಪ್ಪ. ಲೋಕದ ಪರದೆಗಳಲ್ಲಿ ಯಾವುದನ್ನು ಬೇಕಾದರೂ ತರಬಹುದಿತ್ತು. ಅತ್ತೆಗೆ ಮೋಸ ಮಾಡಲು ಅತ್ತೆಯೇ ಹೊಲಿದದ್ದನ್ನು ತಂದಿದ್ದ. ಮೊದಲ ದಿನದ ಆ "ಹ್ಞೂಂ" ಈಗ ಅರ್ಥವಾಗಿ, ಕಿವಿಯ ತುದಿಯಿಂದ ಅಂಗಾಲಿನವರೆಗೆ ಬಿಸಿ ಇಳಿಯಿತು.

ಅಧಿಕಾರಿ ಪುಸ್ತಕ ಮುಚ್ಚಿದರು. ಹೋಗುವ ಮುನ್ನ ಅತ್ತೆಯ ಮಂಡಿ ನೋಡಿ, ಕೆಳಗೆ ಕೇಳಿದ್ದರೆ ಗಾಲಿಕುರ್ಚಿ ಕೊಡುತ್ತಿದ್ದೆವಲ್ಲ, ಯಾವ ಕೋಣೆಯವರಾದರೂ ಸರಿ, ಅದಕ್ಕೆ ದುಡ್ಡೂ ಇಲ್ಲ ಎಂದರು. ಅದು ಕೊನೆಯ ಮೊಳೆ. ಬಾಲ್ಕನಿಯ ಬೆಲೆಯನ್ನೂ ಕೊಡದೆ, ಬೆಲೆಯಿಲ್ಲದ ಕುರ್ಚಿಯನ್ನೂ ಕೇಳದೆ, ಮುದುಕಿಯನ್ನು ಮೂರು ದಿನ ಬಟ್ಟೆಯ ಮುಂದೆ ಕೂರಿಸಿದ್ದ.

ಬಾಗಿಲು ಮುಚ್ಚಿದ ಮೇಲೆ ಅವನು ಹೆಂಡತಿಯ ಮುಂದೆ ಎಲ್ಲ ಒಪ್ಪಿಕೊಂಡ. ಎಲ್ಲ ಎಂದರೆ ಕೋಣೆಯದ್ದು, ಬಣ್ಣದ್ದು, ಪರದೆಯದ್ದು. (ಜೇಬಿನದ್ದು ಬಿಟ್ಟು.) ಹೆಂಡತಿ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಮೇಲಿತ್ತು. ಅಮ್ಮ ಅಂಚು ಮುಟ್ಟಿದಾಗಲೇ ಗೊತ್ತಾಯಿತು ಎಂದಳು. "ದುಬಾರಿ ಅಂತ ಬಾಯಿಬಿಟ್ಟು ಹೇಳಿದ್ರೆ ಅಮ್ಮನೇ ಬೇಡ ಅಂತಿದ್ಲು ರೀ," ಎಂದಳು. ಮಗಳು ಗೋಡೆಯ ಚಿತ್ರ ನೋಡುತ್ತ, ತನಗೆ ಗಾಜಿಗೆ ಬಣ್ಣ ಬಳಿದಾಗಲೇ ಗೊತ್ತಾಗಿತ್ತು ಎಂದಳು.

ಪರದೆಯಪ್ಪ ಗಾಲಿಕುರ್ಚಿ ತಂದ. ಓಣಿಯುದ್ದಕ್ಕೂ, ತೆರೆದ ಬಾಗಿಲುಗಳ ಮುಂದೆ, ಹೆಡ್‌ಮಿಸ್ಸಿನ ಕಣ್ಣಿನ ಮುಂದೆ, ಅತ್ತೆಯನ್ನು ತಳ್ಳಿಕೊಂಡು ಹೋದ. ಡೆಕ್ಕಿನ ಬಾಗಿಲು ತೆರೆದಾಗ ಗಾಳಿ ಬಂದು ಮುಖಕ್ಕೆ ಹೊಡೆಯಿತು. ಕಂಬಿಯವರೆಗೆ ಕುರ್ಚಿ ಒಯ್ದು ನಿಲ್ಲಿಸಿದ. ಮುಂದೆ ಎಲ್ಲಿಯೂ ಅಂಚು ಹೊಲಿಯದ ನೀರು, ಆಕಾಶದ ಬುಡದವರೆಗೆ. ಅತ್ತೆ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತರು. ಹದಿನಾರು ವರ್ಷದಲ್ಲಿ ಆ ಕೈಗಳು ಸುಮ್ಮನಿದ್ದದ್ದನ್ನು ಅವನು ಕಂಡಿರಲಿಲ್ಲ. ಸಮುದ್ರ ಶಾಂತವಾಗಿದೆ ಎಂದು ಈ ಸಲ ಹೇಳಲಿಲ್ಲ.

ಅವನು ಕುರ್ಚಿಯ ಹಿಂದೆಯೇ ನಿಂತಿದ್ದ. ಮುಂದೆ ಬಂದರೆ ಮುಖ ತೋರಿಸಬೇಕಾಗುತ್ತದೆ. ಕೊನೆಗೆ, ಎಲ್ಲ ಗೊತ್ತಿದ್ದೂ ದಿನಾ ಸಮುದ್ರದ ಸುದ್ದಿ ಯಾಕೆ ಹೇಳಿದಿರಿ ಎಂದು ಕೇಳಿದ.

"ನೀವು ಅಷ್ಟು ಕಷ್ಟಪಟ್ಟು ಕಟ್ಟಿದ್ರಿ," ಎಂದರು ಅತ್ತೆ. "ಒಬ್ಬರಾದರೂ ನೋಡಬೇಕಲ್ಲ."

ಪರದೆಯಪ್ಪ ಕಣ್ಣು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ. ಕರವಸ್ತ್ರದ ಜೊತೆ ಬಾಲ್ಕನಿ ಬೆರಳಿಗೆ ತಗುಲಿತು. ಸದ್ದಿಲ್ಲದೆ ಅದನ್ನು ಹೊಲಿದ ಜೇಬಿನ ಮೂಲೆಗೆ ತಳ್ಳಿದ. ಮಾನವೆಲ್ಲ ಹರಾಜಾಗಿದ್ದರೂ ಇದೊಂದು ಚೂರಾದರೂ ಯಾರಿಗೂ ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡ. ಆ ಸಮಾಧಾನದಲ್ಲಿ ಸ್ವಲ್ಪ ಧೈರ್ಯವೂ ಬಂತು. ಗಂಟಲು ಸರಿಮಾಡಿಕೊಂಡು, ಮುಂದಿನ ವರ್ಷ ಸಾಲವೋ ಸೋಲವೋ ಪ್ರೀಮಿಯಂ ಕೋಣೆಯನ್ನೇ ಕೊಡಿಸುವುದಾಗಿ ಪ್ರತಿಜ್ಞೆ ಮಾಡಿದ.

"ಬಾಲ್ಕನಿ ಇರೋದೇ ತಗೊಳ್ಳೋಣ ಅತ್ತೆ. ಏನಂತೀರಿ?"

ಅತ್ತೆ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಕೋಣೆ ಸಾಧಾರಣದ್ದೇ ಇರಲಿ ಅಳಿಯಂದ್ರೇ. ಬಾಲ್ಕನಿ ಹೇಗೂ ನಿಮ್ಮ ಜೇಬಲ್ಲಿದೆ."