ಮಗಳು ಹತ್ತಿದ ಜೀಪು

ಧೈರ್ಯ ಅನ್ನುವುದು ಮಕ್ಕಳಿಲ್ಲದವರ ಕಾಯಿಲೆ. ಮದುವೆಯಾದರೆ ಸ್ವಲ್ಪ ಇಳಿಯುತ್ತದೆ, ಪೂರ್ತಿ ವಾಸಿಯಾಗಲು ಮಗುವೇ ಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ದೋಣಿಗಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸ, ಆದರೆ ಹೆಸರು ಬಂದದ್ದು ತೋಟದ ಹಳೆಯ ಜೀಪಿನಿಂದ. ಇಳಿಜಾರು ಕಂಡರೆ ಸಾಕು, ಡೀಸೆಲ್ ಉಳಿಸುತ್ತೇನೆಂದು ನ್ಯೂಟ್ರಲ್‌ಗೆ ಹಾಕಿ ಬಿಟ್ಟುಬಿಡುತ್ತಿದ್ದೆ. ಪಕ್ಕದಲ್ಲಿ ಕೂತವರು ಪೇಟೆಗೆ ಹೋಗಿ ಬರುವಷ್ಟರಲ್ಲಿ ಮನೆದೇವರಿಗೆ ಎರಡು ಹರಕೆಯಾದರೂ ಹೊತ್ತಿರುತ್ತಿದ್ದರು. ಹೆಂಡತಿ ಜಯ “ನಿಧಾನ ಕಣ್ರೀ” ಅನ್ನುತ್ತಿದ್ದಳು. ಹೆಂಡತಿ ಹೇಳಿದ್ದನ್ನು ಕೇಳುವ ವಯಸ್ಸು ಅದಲ್ಲ.

ಹುಟ್ಟಿದ ಮಗಳು ಪುಟ್ಟಿಯನ್ನು ಸಕಲೇಶಪುರದ ಆಸ್ಪತ್ರೆಯಿಂದ ಮನೆಗೆ ತಂದ ದಿನ ಅದೇ ರಸ್ತೆ ಬೇರೆಯಾಗಿ ಕಂಡಿತು. ಮಂಗಳೂರು ಕಡೆಯಿಂದ ಬರುವ ಪ್ರತಿ ಲಾರಿಯೂ ನಮಗೆ ಗುದ್ದುವುದಕ್ಕೆಂದೇ ಹೊರಟುಬಂದಂತಿತ್ತು. ಎರಡನೇ ಗೇರಿನಿಂದ ಮೇಲೆ ಹೋಗಲು ನನ್ನ ಕೈ ಒಪ್ಪಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, “ಕೆಟ್ಟೋಗೈತಾ ಜೀಪು?” ಎಂದು ಮರುಕದಿಂದ ಕೇಳಿದ.

ತೋಟದೊಳಗೆ ಬಂದ ಮೇಲಾದರೂ ಸುಮ್ಮನಿರಬೇಕಿತ್ತು. ಪ್ರತಿ ತಿರುವಿಗೂ ಉದ್ದುದ್ದ ಹಾರನ್ ಒತ್ತಿದೆ. ನಮ್ಮ ತೋಟದಲ್ಲಿ ಉದ್ದ ಹಾರನ್ನಿಗೆ ಒಂದೇ ಅರ್ಥ: ಆನೆ ಬಂದಿದೆ, ಆಳುಗಳೆಲ್ಲ ತಮ್ಮ ಲೈನ್‌ಮನೆಗಳಿಗೆ ಓಡಿ. ಆ ನಿಯಮ ಮಾಡಿದವನೂ ನಾನೇ. ಕಾಫಿ ಹಣ್ಣು ಕುಯ್ಯುತ್ತಿದ್ದವರೆಲ್ಲ ಚೀಲ ಬಿಸಾಡಿ ಓಡಿದರು. ಲೈನಿನ ಮುಂದೆ ಜೀಪು ನಿಲ್ಲಿಸಿದಾಗ ಹಳೆಯ ಆಳು ರುದ್ರಮ್ಮ ಏದುಸಿರು ಬಿಡುತ್ತಾ, “ಎಲ್ಲೈತೆ ರೈಟ್ರೆ ಆನೆ?” ಅಂದಳು. ನಾನು ಜಯಳ ಮಡಿಲಿನ ಬಟ್ಟೆಯ ಗಂಟನ್ನು ತೋರಿಸಿದೆ. ರುದ್ರಮ್ಮ ಬಗ್ಗಿ ನೋಡಿ, “ಇದುಕ್ಕಾ ನಮ್ಮನ್ನ ಈ ಪಾಟಿ ಓಡ್ಸಿದ್ದು?” ಎಂದು ಅಲ್ಲೇ ಕೂತುಬಿಟ್ಟಳು.

ತೋಟದ ಸಾಹುಕಾರರಿಗೆ ಸುದ್ದಿ ಮುಟ್ಟಿತು. “ರೈಟ್ರೆ, ಇನ್ನೊಂದ್ಸಲ ತೋಟದೊಳಗೆ ಸುಮ್‌ಸುಮ್ನೆ ಹಾರನ್ ಹೊಡುದ್ರೆ ಕೀ ಸ್ಟೋರಲ್ಲಿಟ್ಟು ನಡ್ಕೊಂಡು ಹೋಗಿ” ಅಂದರು. ಹಾರನ್ನಿಲ್ಲದೆ ತಿರುವು ದಾಟುವುದು ಹೇಗೆ? ನಾನೊಂದು ಉಪಾಯ ಹುಡುಕಿದೆ. ಪುಟ್ಟಿ ಜೀಪಿನಲ್ಲಿದ್ದರೆ ಪ್ರತಿ ತಿರುವಿಗೂ ಮೊದಲೇ ಗೇರಿನಲ್ಲಿ ನಿಲ್ಲಿಸಿ, ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಡೆದುಹೋಗಿ ಆಚೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿ ಬರುವುದು. ಆ ಜೀಪಿನ ಹ್ಯಾಂಡ್‌ಬ್ರೇಕು ನನ್ನ ಮದುವೆಗಿಂತ ಮೊದಲೇ ತೀರಿಹೋಗಿತ್ತು, ಅದಕ್ಕೇ ಕಲ್ಲು. ಗೇಟಿನವರೆಗೆ ಹನ್ನೊಂದು ತಿರುವು. ಜಯ ಒಂದು ದಿನ, “ನೀವು ಹಿಂಗೇ ನೋಡ್ಕೊಂಡು ಹೋಗ್ತಾ ಇರಿ, ಇವ್ಳು ಇಸ್ಕೂಲಿಗೆ ಸೇರೋ ಹೊತ್ಗೆ ಗೇಟು ಸಿಗುತ್ತೆ” ಅಂದಳು.

ಪುಟ್ಟಿಗೆ ಒಂಬತ್ತು ತಿಂಗಳಾದಾಗ ದಡಾರದ ಇಂಜೆಕ್ಷನ್ ಹಾಕಿಸಲು ಹೊರಟೆವು. ಏಳನೇ ತಿರುವು ಏರಿನಲ್ಲಿದೆ. ಆಚೆ ಯಾವುದೋ ಗಾಡಿಯ ಸದ್ದು ಕೇಳಿದಂತಾಗಿ ನಾನು ಅವಸರದಲ್ಲಿ ಇಳಿದು ಓಡಿದೆ. ಆಚೆ ಗಾಡಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಹಾಯಾಗಿ ತಿರುಗಿ ನೋಡಿದರೆ ಜೀಪು ಹಿಂದಕ್ಕೆ ಉರುಳುತ್ತಿತ್ತು. ಕಲ್ಲು ಕೊಡುವುದನ್ನು ಮರೆತಿದ್ದೆ, ಹಳೇ ಚಾಳಿಯಂತೆ ನ್ಯೂಟ್ರಲ್‌ನಲ್ಲೇ ಬಿಟ್ಟಿದ್ದೆ; ಚಕ್ರ ಕೂತಿದ್ದ ಸಣ್ಣ ಗುಂಡಿ ಅಷ್ಟು ಹೊತ್ತು ತಡೆದಿತ್ತು. ಅದರ ಹಿಂದೆ ಓಡಿದೆ. ಜಯ ಮಗುವನ್ನು ಒಂದು ಕೈಯಲ್ಲಿ ಅವುಚಿಕೊಂಡು ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ಎಳೆದಳು. ಜೀಪು ಗುಡ್ಡ ಕಡಿದ ಪಕ್ಕದ ದರೆಯ ಮಣ್ಣಿಗೆ ಒರಗಿ ನಿಂತಿತು. ಇನ್ನೊಂದು ಪಕ್ಕದಲ್ಲಿ ಪ್ರಪಾತ. ಪುಟ್ಟಿ ಕೇಕೆ ಹಾಕಿ ನಗುತ್ತಿದ್ದಳು. ನಾನು ರಸ್ತೆಯಲ್ಲೇ ಕೂತು ಅತ್ತುಬಿಟ್ಟೆ.

ಜಯ ಬಯ್ಯಲಿಲ್ಲ. ಮಗುವಿನ ಕುಲಾವಿ ಸರಿಮಾಡಿ, “ಆಚೆ ಯಾರಾದ್ರೂ ಬತ್ತಿದ್ರಾ?” ಎಂದು ಕೇಳಿದಳು. ಬಯ್ದಿದ್ದರೆ ವಾಸಿಯಿತ್ತು. ಒಂಬತ್ತು ತಿಂಗಳು ತಿರುವಿನಾಚೆಯ ಡ್ರೈವರುಗಳನ್ನೆಲ್ಲ ಅನುಮಾನಿಸಿದ್ದ ನಾನು, ಈಚೆಯ ಡ್ರೈವರನೊಬ್ಬನನ್ನು ಮಾತ್ರ ಬಿಟ್ಟಿದ್ದೆ.

ಕೀಯನ್ನು ನಾನೇ ಸ್ಟೋರಿನ ಮೊಳೆಗೆ ನೇತುಹಾಕಿ ಬಂದೆ. ಮಾರನೆಯ ದಿನ ಇಂಜೆಕ್ಷನ್ನಿಗೆ ಬಸ್ಸಿನಲ್ಲಿ ಹೋದೆವು. ಪುಟ್ಟಿ ಜಯಳ ತೊಡೆಯ ಮೇಲೆ ನಿದ್ದೆಹೋದಳು. ಪ್ರತಿ ತಿರುವಿಗೂ ನನ್ನ ಬಲಗಾಲು ತಾನಾಗಿ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಎದುರಿಗೆ ಕೂತಿದ್ದ ಬೆಳಗೋಡಿನ ಹೆಂಗಸು ಬಹಳ ಹೊತ್ತು ನೋಡಿ, “ನಿಮ್ ಯಜಮಾನ್ರ ಕಾಲ್ಗೆ ಏನಾಗೈತವ್ವ?” ಎಂದು ಜಯಳನ್ನು ಕೇಳಿದಳು.

“ಕಾಲ್ಗೇನೂ ಆಗಿಲ್ಲ ಕಣಕ್ಕ, ಅಪ್ಪ ಆಗವ್ರೆ” ಅಂದಳು ಜಯ.

ಆ ಹೆಂಗಸು ಅರ್ಥವಾದವಳಂತೆ ತಲೆಯಾಡಿಸಿ, ನನಗೆ ಕಾಲು ಚಾಚಲು ಜಾಗ ಮಾಡಿಕೊಟ್ಟಳು.