ಕುಡಿದಿಲ್ಲ ಎಂಬುದಕ್ಕೊಂದು ಚೀಟಿ

ಯಾರಾದರೂ ಬಿದ್ದರೆ ನನಗೆ ನಗು ಬರುತ್ತದೆ. ಇದು ಒಳ್ಳೆಯ ಗುಣವಲ್ಲ ಅಂತ ಗೊತ್ತು. ಮೊದಲು ನಕ್ಕು, ಆಮೇಲೆ ಓಡಿಹೋಗಿ ಎಬ್ಬಿಸಿ, ಎಬ್ಬಿಸುವಾಗ ಮತ್ತೊಮ್ಮೆ ನಕ್ಕು ಬೈಸಿಕೊಳ್ಳುವ ಪೈಕಿ ನಾನು. ಇಂಥವನಿಗೆ ದೇವರು ಎಂಥ ಕೆಲಸ ಕೊಟ್ಟ ನೋಡಿ: ದಿನವಿಡೀ ನೊಣಗಳನ್ನು ಬೀಳಿಸುವುದು, ಬಿದ್ದವು ಏಳುತ್ತವೆಯೇ ಎಂದು ನೋಡುವುದು. ಇದಕ್ಕೆ ಪಿಎಚ್.ಡಿ. ಕೊಡುತ್ತಾರೆ. ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ ಇದೆಯಲ್ಲ, ಅದನ್ನು ಇಪ್ಪತ್ತಿಪ್ಪತ್ತರಂತೆ ಗಾಜಿನ ಕೊಳವೆಗೆ ತುಂಬಬೇಕು. ಕೊಳವೆಯನ್ನು ಮೇಜಿಗೆ ಟಕ್ ಎಂದು ಕುಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ. ಗಟ್ಟಿಮುಟ್ಟಾದ ನೊಣ ಹತ್ತು ಸೆಕೆಂಡಿನೊಳಗೆ ಮೇಲಿನ ಗೀಟು ದಾಟುತ್ತದೆ. ಮೆದುಳು ಕೆಟ್ಟ ನೊಣ ಹತ್ತಲು ಹೋಗಿ, ವಾಲಿ, ಜಾರಿ ಮತ್ತೆ ತಳ ಸೇರುತ್ತದೆ. ನಾನು ಎಣಿಸಿ ಬರೆದುಕೊಳ್ಳಬೇಕು. ಬಾಗಿಲ ಮೇಲೆ 'ಅಣು ನರವಿಜ್ಞಾನ ಪ್ರಯೋಗಾಲಯ' ಎಂಬ ಘನವಾದ ಬೋರ್ಡು ಇದೆ. ಒಳಗೆ ನಡೆಯುವುದು ಇಷ್ಟೇ.

ಆದರೆ ಐದು ವರ್ಷ ಬೀಳಿಸಿಯೂ ಒಂದೇ ಒಂದು ನೊಣವನ್ನು ನೋಡಿ ನಗಲಿಕ್ಕೆ ನನ್ನಿಂದ ಆಗಲಿಲ್ಲ. ಅದಕ್ಕೆ ಕಾರಣ ಶೀನ ಮಾವ.

ಶೀನ ಮಾವ ನನ್ನ ಅಮ್ಮನ ತಮ್ಮ. ಮದುವೆ ಇಲ್ಲ, ಬೈಂದೂರಿನ ಹತ್ತಿರ ಯಡ್ತರೆಯ ನಮ್ಮ ಮನೆಯಲ್ಲೇ ಇದ್ದು ಮೀನಿನ ದೋಣಿಗೆ ಹೋಗುತ್ತಿದ್ದ. 1997ರಲ್ಲಿ ನನಗೆ ಹತ್ತು ವರ್ಷ. ಆಗಲೇ ಮಾವನ ನಡಿಗೆ ನೋಡುವ ಹಾಗಿತ್ತು. ಕಾಲು ಅಗಲ ಮಾಡಿ, ಮುಂದಿನ ಹೆಜ್ಜೆಗೆ ನೆಲ ಇದೆಯೋ ಇಲ್ಲವೋ ಎಂದು ವಿಚಾರಿಸಿದವನಂತೆ ಇಡುತ್ತಿದ್ದ. ತಿರುಗುವಾಗ ಗೋಡೆಯನ್ನೋ ಮರವನ್ನೋ ಒಮ್ಮೆ ಮುಟ್ಟಬೇಕು. ಮಂಗಚೇಷ್ಟೆಯ ಪೋರನಾದ ನನಗೆ ಇಷ್ಟು ಸಾಕಾಗಿತ್ತು. "ಹ್ವಾಯ್, ಶೀನನ ನಡ್ಗಿ ಮಾಡ್ ಕಾಂಬ" ಎಂದು ಯಾರಾದರೂ ಹೇಳುವುದೇ ತಡ, ಅಂಗಳದಲ್ಲಿ ಪ್ರದರ್ಶನ ಶುರು. ಆ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ಕುಡುಕನ ಪಾರ್ಟು. ಎಲ್ಲಿಂದ ಕಲಿಯಬೇಕು ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಮೊದಲನೆಯ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಬಂತು. ಎದುರಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕವನು ಮಾವನೇ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಮೆಲ್ಲಗೆ ಕೇಳಿದ, "ಅಳಿಯಾ, ನಾ ಹಾಂಗ್ ನಡಿತ್ನಾ?"

"ಇಲ್ಲ ಮಾವ, ನಾಟ್ಕ ಅಲ್ದಾ, ಒಂಚೂರ್ ಜಾಸ್ತಿ ಮಾಡಿದ್ದ್" ಎಂದೆ. ಜಾಸ್ತಿ ಮಾಡಿರಲಿಲ್ಲ.

ಮಾವ ಒಂದು ಹನಿಯೂ ಕುಡಿಯುವವನಲ್ಲ. ದೋಣಿಯವರು ದಡಕ್ಕೆ ಬಂದು ಬಾಟ್ಲಿ ತೆಗೆದರೆ ಈತ ಸೋಡಾ ಹಿಡಿದು ಕೂರುತ್ತಿದ್ದ. ತಮಾಷೆಯೆಂದರೆ, ನೀರಿನ ಮೇಲಿದ್ದಷ್ಟು ಹೊತ್ತು ಯಾರಿಗೂ ಏನೂ ಗೊತ್ತಾಗಲಿಲ್ಲ. ದೋಣಿಯಲ್ಲಿ ಎಲ್ಲರೂ ಕಾಲು ಅಗಲ ಮಾಡಿಯೇ ನಿಲ್ಲುತ್ತಾರೆ, ಎಲ್ಲರೂ ತೂಗಾಡುತ್ತಾರೆ, ಎಲ್ಲರೂ ಏನನ್ನಾದರೂ ಹಿಡಿದುಕೊಳ್ಳುತ್ತಾರೆ. ಅಲ್ಲಿ ಮಾವ ಎಲ್ಲರಂತೆ. ದಡಕ್ಕೆ ಇಳಿದರೆ ಉಳಿದವರೆಲ್ಲ ನೆಟ್ಟಗಾಗುತ್ತಿದ್ದರು, ಮಾವ ಮಾತ್ರ ಇನ್ನೂ ದೋಣಿಯಲ್ಲೇ ಇದ್ದ ಹಾಗೆ. ಒಂದು ದಿನ ಬಲೆ ಎಳೆಯುವಾಗ ಹಗ್ಗ ಕೈ ತಪ್ಪಿತು. ದೋಣಿ ನಡೆಸುವ ತಾಂಡೇಲ ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಶೀನ, ಸಮುದ್ರದಗೆ ಹಗ್ಗ ಬಿಟ್ರೆ ನಾಕ್ ಜನದ್ ಜೀವ ಹೋತ್ತ್. ಕುಡಿಯುದ್ ಬಿಟ್ಟ್ ಬಾ, ಕಾಂಬ" ಅಂದ. ಬಿಡುವುದಕ್ಕೆ ಹಿಡಿದಿರಬೇಕಲ್ಲ. ಮಾವ ದೇವಸ್ಥಾನದಲ್ಲಿ ನಿಂತು, ನಾನು ಮುಟ್ಟಿದವನಲ್ಲ ಎಂದು ಆಣೆ ಹಾಕಿದ. ಆಣೆ ಹಾಕುವಾಗಲೂ ತೂಗಾಡುತ್ತಿದ್ದ ಎಂದು ಊರಿನವರು ಮತ್ತೆ ನಕ್ಕರು. ಆಮೇಲೆ ಅವನು ದಡದಲ್ಲಿ ಕೂತು ಬಲೆ ಹೆಣೆಯತೊಡಗಿದ. ಕೆಲವು ವರ್ಷ ಹೋದ ಮೇಲೆ ಮಾತೂ ತೊದಲತೊಡಗಿತು. ಉಳಿದಿದ್ದ ಒಬ್ಬಿಬ್ಬರು ನಂಬಿದವರೂ ಅಲ್ಲಿಗೆ ಕೈಬಿಟ್ಟರು.

ನಾನು ಎಂ.ಎಸ್ಸಿ. ಓದುವಾಗ ಒಂದು ಮಧ್ಯಾಹ್ನ ತರಗತಿಯ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತ ಪುಸ್ತಕದ ಪುಟ ಮಗುಚುತ್ತಿದ್ದೆ. ಕಿರುಮೆದುಳು ಸವೆಯುವ ಒಂದು ವಂಶದ ಕಾಯಿಲೆಯ ವರ್ಣನೆ ಕಣ್ಣಿಗೆ ಬಿತ್ತು. ಅಗಲವಾದ ಹೆಜ್ಜೆ, ತಿರುಗುವಾಗ ಆಸರೆ, ಆಮೇಲೆ ತೊದಲು. ಕೆಳಗಿನ ಸಾಲು: ಇಂಥವರನ್ನು ಅನೇಕ ವೇಳೆ ಕುಡುಕರೆಂದು ತಿಳಿಯುತ್ತಾರೆ. ನನಗೆ ಸ್ಟೀಲ್ ಲೋಟ ಕೊಡಿಸಿದ ಅಷ್ಟೂ ಅಭಿನಯ ಆ ಪುಟದಲ್ಲಿತ್ತು. ನಿದ್ದೆ ಹಾರಿಹೋಯಿತು.

ಅಮ್ಮನನ್ನೂ ಮಾವನನ್ನೂ ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದೆ. ಡಾಕ್ಟರು, "ಇದು ಯಾವಾಗ ಶುರುವಾಯ್ತು?" ಎಂದರು. ಅಮ್ಮ, "ಐದಾರ್ ವರ್ಷ ಆಯ್ತೇನೋ" ಎಂದಳು. ನಾನು, "ಇಲ್ಲ ಸರ್, ನಾನು ಐದನೇ ಕ್ಲಾಸಿನಲ್ಲಿದ್ದಾಗಲೇ ಇತ್ತು" ಎಂದೆ. "ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಿ?" ಹೇಗೆ ಹೇಳಲಿ? ಎದ್ದು ನಿಂತು, ಆ ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಯವರೆಗೆ 1997ರ ಶೀನ ಮಾವನಾಗಿ ನಡೆದು ತೋರಿಸಿದೆ. ಡಾಕ್ಟರು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, "ಇನ್ನೊಮ್ಮೆ ಮಾಡಿ. ತಿರುಗುವಾಗ ಯಾವ ಕೈ ಚಾಚ್ತಿದ್ದರು?" ಎಂದರು. ಮತ್ತೊಮ್ಮೆ ನಡೆದೆ. ಅವರು ಬರೆದುಕೊಂಡರು. ವಿಜ್ಞಾನಕ್ಕೆ ನಾನು ಕೊಟ್ಟ ಮೊದಲ ಕಾಣಿಕೆ ಅದು. ಕುರ್ಚಿಯಲ್ಲಿ ಕೂತಿದ್ದ ಮಾವ ತೊದಲುತ್ತ ಅಂದ, "ಡಾಕ್ಟ್ರೇ, ಇವಂಗೆ ಇನ್ನೊಂದ್ ಲೋಟ ಕೊಡಿ."

ಕಾಯಿಲೆ ಅದೇ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಒಂದು ಜೀನಿನಲ್ಲಿ ಮೂರೇ ಅಕ್ಷರಗಳು ಮತ್ತೆ ಮತ್ತೆ ಬರೆದುಕೊಂಡು ಉದ್ದವಾಗಿಬಿಟ್ಟಿರುತ್ತವೆ, ಅಷ್ಟೇ ತಪ್ಪು. ಮದ್ದಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಕಾಗದವನ್ನು ಮಾವ ಹುರುಪಿನಿಂದ ತಾಂಡೇಲನಿಗೆ ತೋರಿಸಿ ಬಂದ. ತಾಂಡೇಲ ಅದನ್ನು ಮಗುಚಿ ನೋಡಿ, "ಇದ್ ಕುಡುಕ್ರಿಗೆ ಬಪ್ಪು ಕಾಯ್ಲೆಯೇ ಇರ್ಕ್" ಅಂದನಂತೆ. ಮಾವ ಅವತ್ತು ನನ್ನನ್ನು ಕೂರಿಸಿಕೊಂಡು ಹೇಳಿದ, "ಅಳಿಯಾ, ಮದ್ದ್ ಬೇಡ ನಂಗೆ. ನಾ ಕುಡುಕ ಅಲ್ಲ ಅಂದೇಳಿ ಒಂದ್ ಚೀಟಿ ಬರ್ಕೊಡ್. ಕನ್ನಡದಗೆ ಬರಿ. ತಾಂಡೇಲಂಗೆ ಓದುಕೆ ಆಯ್ಕ್."

ಆಗಲೇ ಒಂದು ಹಾಳೆ ಹರಿದು ಬರೆದುಕೊಡಬಹುದಿತ್ತು. ಆದರೆ ನಾನು ಆಗಷ್ಟೇ ಎಂ.ಎಸ್ಸಿ. ಮುಗಿಸಿ ಲ್ಯಾಬಿಗೆ ಸೇರಿದ್ದೆ, ಎಲೆಯಡಿಕೆ ತಿನ್ನುವುದಕ್ಕೂ ಪುರಾವೆ ಕೇಳುವ ಕಾಲ. "ಬರೀ ಚೀಟಿ ಎಂತಕೆ ಮಾವ, ದೊಡ್ಡ ಲೇಖನವೇ ಬಪ್ಪಂಗೆ ಮಾಡ್ತೆ, ಕಾಣಿ" ಎಂದು ಭಾಷಣ ಬಿಗಿದೆ. ಲ್ಯಾಬಿಗೆ ಅವನ ರಕ್ತ ಹೋಯಿತು, ಅಮ್ಮನ ರಕ್ತ ಹೋಯಿತು, ನನ್ನದೂ ಹೋಯಿತು. ಟ್ಯೂಬಿನ ಮೇಲೆ ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಮಾವ ಮೂರು-ನಾಲ್ಕು; ಮೂರನೆಯ ತಲೆಮಾರಿನ ನಾಲ್ಕನೆಯವ. ಆಮೇಲೆ ಫೋನು ಎತ್ತಿದರೆ, "ಹ್ವಾಯ್, ಮೂರು-ನಾಲ್ಕ್ ಮಾತಾಡುದ್" ಎನ್ನತೊಡಗಿದ. ಅದೇ ಜೀನನ್ನು ನೊಣಕ್ಕೆ ಹಾಕಿದ್ದೇವೆ ಎಂದಾಗ, "ಪಾಪ, ಅದೆಂತ ಮಾಡಿತ್ತ್ ನಿಂಗೆ? ಅದ್ಕೂ ಉಳ್ದ ನೊಣ ಕುಡುಕ ಅಂತ್ವಾ?" ಎಂದು ಕೇಳಿದ.

ನನ್ನ ಪೆದ್ದುತನಗಳಲ್ಲಿ ಒಂದನ್ನು ಮಾತ್ರ ತಮಾಷೆ ಮಾಡಿ ಹೇಳಲು ಎಷ್ಟು ಯತ್ನಿಸಿದರೂ ಆಗುವುದಿಲ್ಲ. ಒಂದು ಸೋಮವಾರ ಕಾಯಿಲೆಯ ನೊಣಗಳು ಸರಸರನೆ ಗೀಟು ದಾಟಿದವು. ನಾವು ಕೊಡುತ್ತಿದ್ದ ಒಂದು ಔಷಧ ಕೆಲಸ ಮಾಡಿತು ಎಂದು ನಾನು ಕುಣಿದು, ಯಾರಿಗೂ ಹೇಳುವ ಮೊದಲೇ ಮಾವನಿಗೆ ಫೋನು ಮಾಡಿದೆ: "ಮಾವ, ನೊಣ ಹತ್ತತಾ ಇತ್ತ್." ಮೂರು ದಿನದ ಮೇಲೆ ನೋಡಿದರೆ, ನಾನು ಕೊಳವೆಗಳ ಚೀಟಿ ಅದಲುಬದಲು ಮಾಡಿದ್ದೆ. ಹತ್ತಿದ್ದು ಚೆನ್ನಾಗಿದ್ದ ನೊಣಗಳು. ಅಷ್ಟರಲ್ಲಿ ಅಲ್ಲಿ ಮಾವ, ನೊಣ ಹತ್ತಿತಂತೆ ಎಂದು ಅಮ್ಮನಿಗೆ ಹೇಳಿ, ಕೋಲು ಬಿಟ್ಟು ಚಾವಡಿಯ ಮೆಟ್ಟಿಲು ಹತ್ತಲು ಹೋಗಿ ಬಿದ್ದು ಹಲ್ಲು ಮುರಿದುಕೊಂಡಿದ್ದ. ನಾನು ಫೋನಿನಲ್ಲಿ ತಪ್ಪು ಒಪ್ಪಿಕೊಂಡಾಗ ಅವನೇ ಸಮಾಧಾನ ಹೇಳಿದ: "ಇರ್ಲಿ ಬಿಡ್. ಮೂರ್ ದಿನ ಲಾಯ್ಕ್ ಇತ್ತ್."

ಲೇಖನ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದೆವು. ಇನ್ನಷ್ಟು ನೊಣ ಬೀಳಿಸಿ ತೋರಿಸಿ ಎಂದು ಉತ್ತರ ಬಂತು. ಬೀಳಿಸಿದೆ. ಇನ್ನೊಬ್ಬ ಪರಿಶೀಲಕರಿಗೆ ಇನ್ನೊಂದು ಅನುಮಾನ. ಮತ್ತೆ ಬೀಳಿಸಿದೆ. ಅಂತೂ ಹನ್ನೆರಡು ಪುಟ ಅಚ್ಚಾದಾಗ ಮಾವ ಹಾಸಿಗೆ ಹಿಡಿದು ವರ್ಷವಾಗಿತ್ತು. ಲೇಖನ ಹಿಡಿದುಕೊಂಡು ಊರಿಗೆ ಹೊರಟೆ. ಕುಂದಾಪುರದಲ್ಲಿ ಇಳಿದು ಬೈಂದೂರಿನ ಬಸ್ಸಿಗೆ ಕಾಯುವಾಗ, ಹೆಮ್ಮೆಯಿಂದ ಮತ್ತೊಮ್ಮೆ ಓದೋಣ ಎಂದು ಬಿಡಿಸಿದೆ. ಮಾವ ಅದರ ವಂಶವೃಕ್ಷದ ಚಿತ್ರದಲ್ಲಿ, ಕಾಯಿಲೆ ಇರುವ ಗಂಡಸಿಗೆ ಹಾಕುವ ಒಂದು ಕಪ್ಪು ಚೌಕ. ಅವನು ಕುಡಿಯುತ್ತಿರಲಿಲ್ಲ ಎಂಬ ಮಾತು ಹನ್ನೆರಡು ಪುಟದಲ್ಲಿ ಎಲ್ಲೂ ಇಲ್ಲ. ಅಲ್ಲೇ ಸ್ಟ್ಯಾಂಡಿನ ಅಂಗಡಿಯಿಂದ ಬಿಳಿ ಹಾಳೆ ತಗೊಂಡು, ಚೀಲದ ಮೇಲಿಟ್ಟು, ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದೆ: 'ಇವರು ಕುಡಿದವರಲ್ಲ. ಇವರ ನಡಿಗೆ ಹೀಗಿರುವುದು ಹುಟ್ಟಿನಿಂದ ಬಂದ ನರದ ಕಾಯಿಲೆಯಿಂದ. ಇದನ್ನು ನಾನು ಪರೀಕ್ಷಿಸಿ ನೋಡಿದ್ದೇನೆ.' ಕೆಳಗೆ ಸಹಿ, ಲ್ಯಾಬಿನ ಹೆಸರು, ತಾರೀಕು.

ಮನೆಗೆ ಹೋಗಿ ಮಾವನಿಗೆ ಹಿಡಿದು ತೋರಿಸಿದೆ. ತುಂಬಾ ಹೊತ್ತು ಓದಿದ. ಆಮೇಲೆ ಒಂದೊಂದೇ ಮಾತು ಹೆಕ್ಕಿ ತೆಗೆದ ಹಾಗೆ ಹೇಳಿದ, "ಹೆಸ್ರೇ ಇಲ್ಯಲ್ಲ ಮಾರಾಯ."

ಇರಲಿಲ್ಲ. ಐದು ವರ್ಷ ಹೆಸರು ಬರೆಯದೆ ನಂಬರು ಹಾಕಿದ ಕೈ, ಅಲ್ಲಿಯೂ ಹೆಸರು ಬಿಟ್ಟಿತ್ತು. "ಕೊಡಿ ಮಾವ, ಈಗ್ಳೇ ಬರಿತೆ" ಎಂದೆ. ಅವನು ಹಾಳೆಯನ್ನು ಎದೆಗೆ ಒತ್ತಿ ಹಿಡಿದ. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಇದೆ ಎಂದು ನನಗೆ ಗೊತ್ತಿರಲಿಲ್ಲ. "ಬೇಡ. ಹಾಂಗೇ ಇರ್ಲಿ. ಮುಂದೆ ಯಾರಿಗಾರೂ ಬೇಕಾತ್ತ್." ಪಕ್ಕದಲ್ಲಿ ಅಮ್ಮ ನಿಂತಿದ್ದಳು. ನಾವು ಮೂವರೂ ಬೇರೆ ಬೇರೆ ಕಡೆ ನೋಡಿದೆವು.

ಸಂಜೆ ತಾಂಡೇಲ ಬಂದ. ಬೀಡಿ ಆರಿಸಿ ಬಂದು ಚೀಟಿ ಓದಿದ. "ಶೀನ, ನಂಗೆ ಗೊತ್ತಿತ್ತಿಲ್ಯ" ಎಂದು ಅವನ ಕಾಲಿನ ಹತ್ತಿರ ಕೂತ. ಮಾವನಿಗೆ ಆಗ ನಿದ್ದೆ. ಅಮ್ಮ ಎಬ್ಬಿಸಲು ಹೋದಳು, ತಾಂಡೇಲನೇ ಬೇಡ ಎಂದ, ನಾಳೆ ಬತ್ತೆ ಎಂದ. ಮಾರನೆಯ ದಿನ ಅವನು ಬರುವಷ್ಟರಲ್ಲಿ ಮಾವನನ್ನು ಅಂಗಳದಲ್ಲಿ ಮಲಗಿಸಿದ್ದೆವು. ಮಾವ ಅಷ್ಟು ನೆಟ್ಟಗಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಎಲ್ಲ ಮುಗಿದ ಮೇಲೆ ಅಮ್ಮ ದಿಂಬಿನಡಿಯಿಂದ ಚೀಟಿ ತೆಗೆದು, "ನಿಂದೇ ಅಲ್ದಾ, ತಕೋ" ಎಂದು ಕೊಟ್ಟಳು. ಈಗದು ನನ್ನ ಪರ್ಸಿನಲ್ಲಿದೆ. ಅಮ್ಮನ ಟ್ಯೂಬು, ನನ್ನ ಟ್ಯೂಬು ಇನ್ನೂ ಲ್ಯಾಬಿನ ಫ್ರೀಜರಿನಲ್ಲಿವೆ. ಆ ಜೀನು ನಮಗೂ ಬಂದಿದೆಯೇ ಎಂದು ನೋಡಬೇಕೆಂದರೆ ಒಂದೇ ದಿನದ ಕೆಲಸ. ಊರಿಗೆ ಹೋದಾಗ ಅಮ್ಮ ಚಾವಡಿಯ ಮೆಟ್ಟಿಲು ಹತ್ತುವುದನ್ನು ಕಂಡರೆ ನನಗೆ ಗೊತ್ತಿಲ್ಲದೆ ಬಾಯೊಳಗೆ ಎಣಿಕೆ ಶುರುವಾಗುತ್ತದೆ, ಒಂದು, ಎರಡು, ಮೂರು. ಅಮ್ಮ ಹತ್ತರೊಳಗೆ ಹತ್ತಿ ತಿರುಗಿ, "ಎಂತಾ ಕಾಂತಾ ಇದ್ದೆ?" ಎನ್ನುತ್ತಾಳೆ.

ಮೊನ್ನೆ ಕುಂದಾಪುರದಲ್ಲಿ ಬಸ್ಸು ಹತ್ತುವಾಗ ನನ್ನ ಕಾಲು ಜಾರಿತು. ಕಂಡಕ್ಟರು ರಟ್ಟೆ ಹಿಡಿದು, "ಹ್ವಾಯ್, ಬೆಳಿಗ್ಗೆ ಬೆಳಿಗ್ಗೆಯೇ ಹಾಕ್ಕಂಡ್ ಬಂದ್ರ್ಯಾ?" ಎಂದ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಕೈ ಮಾತ್ರ ತಾನಾಗಿ ಪರ್ಸಿನ ಜೇಬಿಗೆ ಹೋಗಿತ್ತು. ಜಾರಿದ್ದು ಚಪ್ಪಲಿಯಿಂದ, ಅದರಲ್ಲಿ ಅನುಮಾನ ಬೇಡ. ಅಡಿ ಸವೆದು ಕನ್ನಡಿಯಾಗಿದೆ. ಹೊಸದು ತಗೋ ಎಂದು ಅಮ್ಮ ಎರಡು ತಿಂಗಳಿಂದ ಹೇಳುತ್ತಿದ್ದಾಳೆ. ಅಂಗಡಿಯವರೆಗೆ ಹೋಗಿಯೂ ಬಂದೆ. ತಗೊಂಡಿಲ್ಲ. ಹಳೆಯದು ಇರುವಷ್ಟು ದಿನ ಚಪ್ಪಲಿಯನ್ನು ಬೈಯಬಹುದು.